ಗುಂಡುಕಲ್ಲಿಗೆ ಕಟ್ಟಿದ ಹಗ್ಗ

ಚಿತ್ರದುರ್ಗ
7 ಅಕ್ಟೋಬರ್ 2025

ಮಾವನಿಗೆ ಮಮತಾ ಮಾಡುವ ನಮಸ್ಕಾರಗಳು.

ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ, ನಿನ್ನ ಹಟ್ಟಿಗೂ ಸಿಗ್ನಲಿಗೂ ಆಗಿಬರುವುದಿಲ್ಲ. ಈ ಕಾಲದಲ್ಲೂ ಅಂಚೆ ಡಬ್ಬಿ ಹುಡುಕಿಕೊಂಡು ಹೋಗುವವಳು ಇಡೀ ದುರ್ಗದಲ್ಲಿ ನಾನೊಬ್ಬಳೇ ಇರಬೇಕು.

ಬರುವ ಭಾನುವಾರ ನಿಮ್ಮ ಕಡೆ ಬರುತ್ತಿದ್ದೇನೆ. ಹಟ್ಟಿಗಲ್ಲ, ಕೆಂಗಲ್ಲು ಕೊರಕಲಿಗೆ. ವರ್ಷವಿಡೀ ಕಾದ ಕಾವಲಿಯಂತೆ ಒಣಗಿ ಬಿದ್ದಿರುವ ಜಾಗದಲ್ಲಿ ಈ ಸಲ ನೀರು ಹರಿಯುತ್ತಿದೆ ಎಂದು ನೀನೇ ಬರೆದಿದ್ದೆಯಲ್ಲ, ಅದನ್ನು ನಮ್ಮ ಬಂಡೆ ಹತ್ತುವ ತರಬೇತಿ ಕೇಂದ್ರದಲ್ಲಿ ಓದಿ ಹೇಳಿದೆ. ಎಲ್ಲರೂ ಕಿವಿ ನೆಟ್ಟಗೆ ಮಾಡಿದರು. ಮೊದಲು ನಾವು ಮೂವರು ಇಳಿದು ನೋಡುತ್ತೇವೆ. ದಾರಿ ಸರಿಯಿದ್ದರೆ ಮುಂದೆ ಕಾಲೇಜು ಮಕ್ಕಳನ್ನು ಕರೆತರುತ್ತೇವೆ. ನಾನು, ಹೊಸದಾಗಿ ಸೇರಿರುವ ಪಲ್ಲವಿ, ಮತ್ತೆ ಪ್ರಭುಲಿಂಗ. ಪ್ರಭುಲಿಂಗ ಯಾರೆಂದು ನಿನಗೆ ಗೊತ್ತು. ಹೋದ ಸಲ ಹಟ್ಟಿಗೆ ಬಂದಾಗ ಗಿರಿಯಮ್ಮತ್ತೆ ಕೊಟ್ಟ ಮುದ್ದೆಯನ್ನು ಅಗಿದು ಅಗಿದು ತಿಂದನಲ್ಲ, ಆ ಹೊಳಲ್ಕೆರೆಯವನು. ನಕ್ಕಿದ್ದು ಸಾಕು.

ನೀನು ಹೆದರಬಾರದೆಂದು ಕೆಲಸ ಹೇಗೆಂದು ಹೇಳಿಬಿಡುತ್ತೇನೆ. ಗುಡ್ಡದ ನೆತ್ತಿಯ ಗುಂಡುಕಲ್ಲಿಗೆ ಹಗ್ಗ ಕಟ್ಟಿ ಮೊದಲ ಬಂಡೆ ಇಳಿಯುವುದು. ಮಡು ದಾಟುವುದು, ಮತ್ತೆ ಹಗ್ಗ ಹಾಕಿ ಮುಂದಿನ ಬಂಡೆ. ಹಗ್ಗ ಎಳೆದುಕೊಂಡೇ ಮುಂದೆ ಹೋಗುತ್ತೇವೆ. ಒಮ್ಮೆ ಇಳಿದ ಮೇಲೆ ಮತ್ತೆ ಮೇಲೆ ಬರುವ ಮಾತಿಲ್ಲ. ಕೆಳಗೆ ರಸ್ತೆ ಕಡೆ ಕೊರಕಲಿನ ಬಾಯಿ ಇದೆಯಲ್ಲ, ಅಲ್ಲಿ ಹೊರಬೀಳುತ್ತೇವೆ. ಜೀಪು ಅಲ್ಲೇ ಇರುತ್ತದೆ. ನೀರು ಮೊಣಕಾಲುದ್ದ, ಅಷ್ಟೇ.

ನೀನು ಮಾತ್ರ ಗುಡ್ಡ ಹತ್ತಿ ಬಂದು ನಿಲ್ಲಬೇಡ. ನೀನು ಮೇಲಿಂದ ನೋಡುತ್ತಿದ್ದರೆ ನನ್ನ ಗಮನವೆಲ್ಲ ಅಲ್ಲೇ ಇರುತ್ತದೆ. ಬಬ್ಬೂರಿನಲ್ಲಿರುವ ಅವ್ವನಿಗೂ ಹೇಳಬೇಡ.

ನಿನ್ನ ಮಮತಾ

*

ಹಟ್ಟಿ
13 ಅಕ್ಟೋಬರ್ 2025

ಮಮತಾ ತಾಯಿಗೆ ಕಾಟಪ್ಪ ಮಾವ ಬರೆಯೋದು.

ನೀನು ಬರಬೇಡ ಅಂದೆ, ನಾನು ಬಂದೆ. ನಿನ್ನ ಮಾತು ಕೇಳಿದ್ರೆ ನಾನು ನಿನ್ನ ಮಾವ ಹೆಂಗಾದೇನು? ಆದ್ರೆ ದಾರೀಲಿ ಒಂದು ಕುರಿ ಈಯಾಕೆ ಕುಂತ್ಕಂಡ್ತು. ಅದರ ಬಾಣಂತನ ಮುಗಿಸಿ ನೆತ್ತಿ ಹತ್ತೋ ಹೊತ್ತಿಗೆ ಬಿಸಿಲು ವಾಲಿತ್ತು. ನೀವು ಯಾರೂ ಇರಲಿಲ್ಲ. ಬಗ್ಗಿ ನೋಡಿದೆ, ಕೊರಕಲಿನಾಗೂ ಯಾರೂ ಕಾಣಲಿಲ್ಲ. ನಿನ್ನ ಹೆಸರು ಹಿಡಿದು ಕೂಗಿದೆ. ನೀನು ಓ ಅಂದಿದ್ರೂ ನನ್ನ ಕಿವಿಗೆ ಎಲ್ಲಿ ಬೀಳಬೇಕು.

ಅಲ್ಲಾ, ಅಷ್ಟು ಓದಿದೋರು, ಹಗ್ಗ ಮರೆತು ಹೋಗ್ತಾರೇನೇ? ಎಳ್ಕಂಡು ಹೋಗ್ತೀವಿ ಅಂತ ನೀನೇ ಬರೆದಿದ್ದೆ. ನೋಡಿದ್ರೆ ಗುಂಡುಕಲ್ಲಿಗೆ ಕಟ್ಟಿದ್ದು ಕಟ್ಟಿದಂಗೇ ಐತೆ, ತುದಿ ಕೆಳಗೆ ಇಳಿಬಿದ್ದೈತೆ. ಕೇಸರಿ ಬಣ್ಣದ್ದು, ಹೊಸದು. ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕ್ಕಂಡು ಬಂದೆ. ಅಟ್ಟದ ಗಳಕ್ಕೆ ನೇತು ಹಾಕಿದೀನಿ. ಇಲಿ ಮುಟ್ಟಲ್ಲ, ಭಯ ಬೇಡ.

ನಿಮ್ಮ ತಾತ ಇದ್ದಾಗಿಂದ ನಮ್ಮದು ಇದೇ ನಡೆ. ಕುರಿ ರೊಪ್ಪ ಕೀಳೋವಾಗ ಒಂದು ಗೂಟ ಬಿಡಲ್ಲ, ಒಂದು ಹಗ್ಗ ಬಿಡಲ್ಲ. ಬ್ಯಾರೇರು ಬಿಟ್ಟಿದ್ರೂ ಬಿಚ್ಚಿ ತಂದು ಅವರಿಗೇ ಮುಟ್ಟಿಸ್ತೀವಿ. ನಿಮ್ಮ ತಾತನ ಕಾಲದಾಗೆ ಯಾರೋ ಸೌದೆಯೋರು ಬಿಟ್ಟು ಹೋದ ಹಗ್ಗಕ್ಕೆ ಗಬ್ಬದ ಕುರಿ ಕೊರಳು ಸಿಗಾಕ್ಕಂಡು ಸತ್ತಿತ್ತು. ಅವತ್ತು ಅಪ್ಪ ಉಣ್ಣಲಿಲ್ಲ. ಅದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದಂಗೈತೆ.

ನಾನು ಇಳಿದ ಮೇಲೆ ಮೇಲುಗಡೆ ಗುಡ್ಡದಾಗೆ ಮಳೆ ಹಿಡೀತು. ಅಷ್ಟೊತ್ತಿಗೆ ನೀವು ಜೀಪು ಹತ್ತಿರ್ತೀರಿ. ಚೆನ್ನಾಗಿ ಆಯ್ತಾ? ಕಾಗದ ಬರಿ. ಇದನ್ನ ಬಸ್ಸು ಓಡಿಸೋ ಮಾರುತೇಶನ ಕೈಲಿ ಕೊಡ್ತಿದೀನಿ, ನಾಳೆನೇ ನಿನ್ನ ಕೈ ಸೇರ್ತದೆ. ಹಬ್ಬಕ್ಕೆ ಬಾ, ಹಗ್ಗನೂ ತಗಂಡು ಹೋಗೀಯಂತೆ.

ಕಾಟಪ್ಪ

*

ಚಿತ್ರದುರ್ಗ
16 ಅಕ್ಟೋಬರ್ 2025

ಮಾವ,

ಭಾನುವಾರ ಎಲ್ಲ ಸರಾಗವಾಗಿ ಆಯಿತು. ಸ್ವಲ್ಪ ಮಳೆ ಬಂತು, ನೆನೆದೆವು, ಬಂದೆವು. ನೀನು ನನ್ನ ಮಾತು ಕೇಳಿ ಗುಡ್ಡಕ್ಕೆ ಬರದೆ ಇದ್ದದ್ದು ಒಳ್ಳೆಯದೇ ಆಯಿತು.

ಹಬ್ಬಕ್ಕೆ ಬರಲಾಗುವುದಿಲ್ಲ. ಕೇಂದ್ರದಲ್ಲಿ ಕೆಲಸ ಜಾಸ್ತಿ. ಅತ್ತೆ ಬೇಜಾರು ಮಾಡಿಕೊಳ್ಳುವುದು ಬೇಡ.

ಒಂದು ವಿಷಯ. ಪ್ರಭುಲಿಂಗನ ಸುದ್ದಿ ಇನ್ನು ಎತ್ತಬೇಡ. ಹೋದ ಸಲ ನೀನು ಅವನ ಮನೆಯವರನ್ನು ನೋಡಿ ಬರಲಾ ಎಂದು ಕೇಳಿದ್ದೆ. ಬೇಡ. ಒಬ್ಬ ಮನುಷ್ಯ ತನ್ನ ಕೈಯ ತಪ್ಪನ್ನು ಒಪ್ಪಿಕೊಂಡರೆ ನಾನು ಸಹಿಸುತ್ತೇನೆ. ತಪ್ಪನ್ನು ತಂದು ನಮ್ಮ ಜನರ ತಲೆಗೆ ಕಟ್ಟಿದರೆ ಸಹಿಸುವುದಿಲ್ಲ. ಏನು ಮಾತಾಡಿದ ಎಂದು ಕೇಳಬೇಡ. ಕೇಂದ್ರದಲ್ಲಿ ಎಲ್ಲರ ಮುಂದೆ ನಾನೂ ಹೇಳುವುದನ್ನು ಹೇಳಿ ಬಂದಿದ್ದೇನೆ. ಇನ್ನು ಮುಂದೆ ಅವನು ಜನರನ್ನು ಹಗ್ಗಕ್ಕೆ ಹತ್ತಿಸುವ ಹಾಗಿಲ್ಲ ಎಂದು ತೀರ್ಮಾನವಾಗಿದೆ. ಆ ಕೆಲಸ ಬಿಟ್ಟರೆ ಅವನಿಗೆ ಬೇರೇನೂ ಬರುವುದಿಲ್ಲ. ಆದರೂ ನಾನು ಹಿಂದೆಮುಂದೆ ನೋಡಲಿಲ್ಲ.

ನಿನ್ನಿಂದ ಕಾಗದವೇ ಇಲ್ಲ. ಗುಡ್ಡದ ಮೇಲೇ ಇದ್ದೀಯಾ?

ಮಮತಾ

*

ಹಟ್ಟಿ
22 ಅಕ್ಟೋಬರ್ 2025

ಮಮತಾ,

ಹಬ್ಬದ ದಿನ ಬಾಗಿಲ ಕಡೆ ನೋಡಿ ನೋಡಿ ನಿಮ್ಮತ್ತೆ ನನ್ನ ಮೇಲೆ ರೇಗಿದಳು. ಹೋಳಿಗೆ ನಾಯಿ ತಿಂತು. ಅಷ್ಟೇನು ಕೆಲಸ ನಿಂಗೆ?

ಆ ಹುಡುಗನ ವಿಷಯ ಓದಿದೆ. ಏನಂದ? ಕುರಿ ನಾತ ಅಂದನಾ? ಕಂಬಳಿ ಜನ ಅಂದನಾ? ಅನ್ನಲಿ ಬಿಡೇ, ಕಂಬಳಿ ಹೊದ್ದೋರಿಗೆ ಹಂಗಂದ್ರೆ ಏನು ಬೇಜಾರು. ಮುದ್ದೆ ಅಗಿದು ತಿನ್ನೋ ಹುಡುಗ ಒಂದು ಮಾತು ಜಾಸ್ತಿ ಆಡಿದ ಅಂತ ಅನ್ನ ಕಿತ್ಕಳೋದಾ? ನಿಮ್ಮವ್ವನ ಮೂಗು ನಿಂಗೆ ಬಂದೈತೆ, ಅದರ ತುದೀಲಿ ಇರೋ ಸಿಟ್ಟೂ ಬಂದೈತೆ. ಮದುವೆಗೆ ಮುಂಚೆ ಜಗಳ ಆಡಿದ್ರೆ ಒಳ್ಳೇದೇ. ಆದ್ರೆ ಹತ್ತು ಜನದ ಮುಂದೆ ಆಡಬ್ಯಾಡ.

ನನ್ನ ಕಾಗದ ಬಂದಿಲ್ಲ ಅಂತೀಯಲ್ಲ? ಹದಿಮೂರನೇ ತಾರೀಕೇ ಮಾರುತೇಶನಿಗೆ ಕೊಟ್ಟಿದ್ದೆ. ಇವತ್ತು ಹಿಡಕಂಡು ಕೇಳಿದೆ. ಅವನನ್ನ ಧರ್ಮಪುರದ ಬಸ್ಸಿಗೆ ಹಾಕಿದ್ರಂತೆ, ಕಾಗದ ಅವನ ಚೀಲದಾಗೇ ಕುಂತಿತ್ತು. ಬೈದು, ಇದನ್ನೂ ಅದಕ್ಕೆ ಸೇರಿಸಿ ಕೊಟ್ಟಿದೀನಿ. ನಾನು ಗುಡ್ಡಕ್ಕೆ ಬಂದಿದ್ದೆ ಕಣೇ. ನೀವು ಬಿಟ್ಟು ಹೋದ ಕೇಸರಿ ಹಗ್ಗ ಬಿಚ್ಚಿ ತಂದಿಟ್ಟಿದೀನಿ, ಅದರಾಗೆ ಎಲ್ಲಾ ಬರೆದಿದೀನಿ ನೋಡು.

ಕಾಟಪ್ಪ

*

ಚಿತ್ರದುರ್ಗ
25 ಅಕ್ಟೋಬರ್ 2025

ಮಾವ,

ಎರಡು ಕಾಗದವೂ ಒಟ್ಟಿಗೆ ಬಂದವು. ಬೆಳಗಿನಿಂದ ಅವನ್ನೇ ಓದುತ್ತಿದ್ದೇನೆ.

ಒಂದೇ ಒಂದು ಕೇಳುತ್ತೇನೆ, ನೆನಪು ಮಾಡಿಕೊಂಡು ಬರಿ. ಆ ಹಗ್ಗದ ಗಂಟು ಹೇಗಿತ್ತು? ಸಡಿಲವಿತ್ತಾ, ಬಿಗಿಯಿತ್ತಾ? ಕೈ ಹಾಕಿದ ಕೂಡಲೇ ಬಿಚ್ಚಿಕೊಂಡಿತಾ?

ಯಾಕೆ ಎಂದು ಕೇಳಬೇಡ. ಹಗ್ಗ ಅಲ್ಲೇ ಇರಲಿ. ಈ ವಿಷಯ ಯಾರ ಹತ್ತಿರವೂ ಆಡಬೇಡ. ಅತ್ತೆಯ ಹತ್ತಿರವೂ ಬೇಡ.

ಮಮತಾ

*

ಹಟ್ಟಿ
28 ಅಕ್ಟೋಬರ್ 2025

ಮಮತಾ,

ಇದೇನು ಪೊಲೀಸಿನೋರು ಕೇಳಿದಂಗೆ ಕೇಳ್ತೀಯ? ಒಂದು ನಗು ಇಲ್ಲ, ಅತ್ತೆ ಹೆಂಗಿದಾಳೆ ಅಂತ ಇಲ್ಲ.

ಗಂಟು ಬಲವಾಗಿತ್ತು. ಕಲ್ಲಿಗೆ ಸುತ್ತು ಹಾಕಿ, ಗಂಟಿನ ಮೇಲೆ ಗಂಟು ಹಾಕಿ, ಬಾಲ ಉದ್ದ ಬಿಟ್ಟಿದ್ರು. ಕೈಲಿ ಬರಲಿಲ್ಲ. ಕುಂತ್ಕಂಡು, ಹಲ್ಲು ಹಚ್ಚಿ, ಆಮೇಲೆ ಕಾರೆ ಮುಳ್ಳಿನ ಕಡ್ಡಿ ತೂರಿಸಿ ಬಿಚ್ಚಿದೆ. ಕೊಯ್ಯಾಣ ಅನ್ನಿಸ್ತು, ಹೊಸ ಹಗ್ಗ ಅಂತ ಕೊಯ್ಲಿಲ್ಲ. ಅದು ತಾನೇ ಬಿಚ್ಕಳೋ ಗಂಟಲ್ಲ. ಕಟ್ಟಿದೋನು ಹೊಳಲ್ಕೆರೆ ಹುಡುಗನಾ? ಕೈ ಒಳ್ಳೇದೈತೆ.

ನಿನ್ನ ಕಾಗದ ಬಂದಾಗಿಂದ ನಂಗೆ ಉಂಡಿದ್ದು ಮೈಗೆ ಹತ್ತಲ್ಲ. ಮಮತಾ, ಆ ಹಗ್ಗ ನೀವು ಮರೆತು ಬಿಟ್ಟಿದ್ದು ತಾನೇ? ಹೌದು ಅಂತ ಒಂದು ಮಾತು ಬರಿ ಸಾಕು.

ಕಾಟಪ್ಪ

*

ಚಿತ್ರದುರ್ಗ
31 ಅಕ್ಟೋಬರ್ 2025

ಮಾವ,

ಮಾರುತೇಶಣ್ಣನನ್ನು ಮನೆಗೇ ಕರೆಸಿ, ಇದನ್ನು ನಿನ್ನನ್ನು ಹುಡುಕಿ ಮುಟ್ಟಿಸಬೇಕೆಂದು ಆಣೆ ಹಾಕಿಸಿಕೊಂಡಿದ್ದೇನೆ. ನಿಮ್ಮ ಹಟ್ಟಿ ಹತ್ತಿರದ ಮಾಡದಕೆರೆಯ ಟೀ ಅಂಗಡಿಗೆ ಫೋನ್ ಮಾಡಿದೆ, ನೀನು ಮಂದೆ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದೀಯ ಎಂದರು. ಓದಿದ ಕೂಡಲೇ ಎದ್ದು ಹೊರಡು. ಮಿಕ್ಕಿದ್ದನ್ನು ಆಮೇಲೆ ಓದು.

ಪ್ರಭುಲಿಂಗ ಭಾನುವಾರ ಒಬ್ಬನೇ ಕೆಂಗಲ್ಲು ಕೊರಕಲಿಗೆ ಇಳಿಯುತ್ತಿದ್ದಾನೆ. ಅವನ ಹತ್ತಿರ ಇರುವುದು ಒಂದೇ ಹಗ್ಗ, ಮಿಕ್ಕಿದ್ದನ್ನೆಲ್ಲ ಕೇಂದ್ರದವರು ವಾಪಸ್ ಇಸಿದುಕೊಂಡಿದ್ದಾರೆ. ಒಂದೇ ಹಗ್ಗವೆಂದರೆ ಗಂಟು ಹಾಕದೆ ಕಲ್ಲಿಗೆ ಬಳಸಿ ಮೊದಲ ಬಂಡೆ ಇಳಿದು, ಒಂದು ತುದಿ ಹಿಡಿದು ಅದನ್ನು ಕೆಳಗೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಬಂಡೆಗೆ ಹಗ್ಗವಿಲ್ಲ. ಎಳೆದುಕೊಂಡ ಮೇಲೆ ಹಿಂದಕ್ಕೆ ದಾರಿಯಿಲ್ಲ. ನೀರು ಏರಿದರೆ ಅವನು ಅಲ್ಲೇ. ನಮ್ಮ ಕಡೆ ಮತ್ತೆ ಮಳೆಯಿದೆ ಎನ್ನುತ್ತಿದ್ದಾರೆ. ಅಟ್ಟದ ಗಳದಲ್ಲಿರುವ ಕೇಸರಿ ಹಗ್ಗ ತೆಗೆದುಕೊಂಡು ಹೋಗಿ ಅದೇ ಗುಂಡುಕಲ್ಲಿಗೆ ಕಟ್ಟಿ ಕೆಳಗೆ ಬಿಡು. ಅವನು ಹೊರಗೆ ಬರುವವರೆಗೂ ಬಿಚ್ಚಬೇಡ. ಮಾವ, ಬಿಚ್ಚಬೇಡ.

ಈಗ ಉಳಿದದ್ದು. ನೀನು ಕೇಳಿದ ಆ ಒಂದು ಮಾತನ್ನು ಬರೆಯಲು ನನ್ನಿಂದಾಗುವುದಿಲ್ಲ. ನಾವು ಹಗ್ಗ ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆವು. ನೀರು ಏರಿದರೆ ವಾಪಸ್ ಹತ್ತಿ ಬರಲು ಮೊದಲ ಬಂಡೆಯ ಹಗ್ಗವನ್ನು ಯಾವಾಗಲೂ ಬಿಡುತ್ತೇವೆ. ಅದನ್ನು ನಿನಗೆ ಬರೆದರೆ ನೀರು ಏರುತ್ತದೆ ಎನ್ನುವುದನ್ನೂ ಬರೆಯಬೇಕಾಗುತ್ತಿತ್ತು. ನೀನು ಹೆದರುತ್ತೀಯ ಎಂದು ಸುಳ್ಳು ಬರೆದೆ. ಮೊಣಕಾಲುದ್ದ ಎಂದದ್ದೂ ಸುಳ್ಳೇ.

ಅವತ್ತು ಮುಂದಿನ ಬಂಡೆಗೆ ಇನ್ನೂ ಹಗ್ಗ ಹಾಕಿರಲಿಲ್ಲ, ಎರಡನೇ ಮಡುವಿನಲ್ಲಿದ್ದಾಗ ನೀರು ಕೆಂಪಾಯಿತು. ಎಲೆ, ಕಡ್ಡಿ, ನೊರೆ ಬರತೊಡಗಿತು. ಪ್ರಭುಲಿಂಗ ತಕ್ಷಣ ವಾಪಸ್ ಎಂದ. ಗೋಡೆ ಹಿಡಿದುಕೊಂಡು ಮೊದಲ ಬಂಡೆಯ ಬುಡಕ್ಕೆ ಬಂದೆವು. ಅಲ್ಲಿ ಹಗ್ಗವಿಲ್ಲ. ಬರೀ ಬಂಡೆ, ಅದರ ಮೇಲೆ ಇಳಿಯುವ ನೀರು. ಪಲ್ಲವಿ ಅವ್ವಾ ಅವ್ವಾ ಎಂದು ಅಳುತ್ತಿದ್ದಳು. ನಾನು ಸಿಳ್ಳೆ ಊದಿ ಊದಿ ಬಾಯಿ ಒಣಗಿಸಿಕೊಂಡೆ. ನೀರು ಎದೆಗೆ ಬಂತು. ಪ್ರಭುಲಿಂಗ ಬಿರುಕಿನಲ್ಲಿ ಬೆರಳು ತೂರಿಸಿ ಬರಿಗೈಯಲ್ಲಿ ಹತ್ತಿದ. ಒಮ್ಮೆ ಬಿದ್ದ, ಮತ್ತೆ ಹತ್ತಿದ. ತಾನು ಹೊತ್ತಿದ್ದ ಇನ್ನೊಂದು ಹಗ್ಗವನ್ನು ಮೇಲಿನಿಂದ ಬಿಟ್ಟು ನಮ್ಮಿಬ್ಬರನ್ನೂ ಎಳೆದುಕೊಂಡ. ನಾನು ಹತ್ತುವಾಗ ಜೋಲಿ ಹೊಡೆದು ಬಂಡೆಗೆ ಬಡಿದೆ. ಕಾಲಿನ ಮೂಳೆ ಮುರಿದಿದೆ. ಹಬ್ಬಕ್ಕೆ ಯಾಕೆ ಬರಲಿಲ್ಲ ಎಂದರೆ ಅದಕ್ಕೆ. ಈಗಲೂ ಹಾಸಿಗೆಯಲ್ಲೇ ಇದ್ದೇನೆ, ಇಲ್ಲದಿದ್ದರೆ ಇಷ್ಟೊತ್ತಿಗೆ ನಾನೇ ಅಲ್ಲಿರುತ್ತಿದ್ದೆ.

ಮೇಲೆ ಬಂದು ನೋಡಿದರೆ ಗುಂಡುಕಲ್ಲು ಬೋಳಾಗಿತ್ತು. "ಯಾರೋ ಕುರಿಯೋರು ಬಿಚ್ಕಂಡು ಹೋಗಿದಾರೆ" ಎಂದ. ನನಗೆ ಮೈ ಉರಿದುಹೋಯಿತು. "ನಮ್ಮೋರು ಕಳ್ಳರಲ್ಲ, ನಿನ್ನ ಗಂಟು ಬಿಚ್ಕಂಡು ಹಗ್ಗ ನೀರಿಗೆ ಹೋಗಿದೆ" ಎಂದೆ. ಕೇಂದ್ರದಲ್ಲೂ ಅದನ್ನೇ ಹೇಳಿದೆ. ಕಾಲಿಗೆ ಪಟ್ಟಿ ಹಾಕಿಕೊಂಡು ಬಂದವಳ ಮಾತನ್ನು ಎಲ್ಲರೂ ನಂಬಿದರು. ಅವನು ಒಂದೇ ಮಾತು ಹೇಳಿ ಹೊರಟುಹೋದ. "ಹಗ್ಗ ನೀರಿಗೆ ಹೋಗಿದ್ರೆ ಯಾವುದಾದ್ರೂ ಮಡುವಿನಾಗೆ ಸಿಗಬೇಕಲ್ಲ? ಹುಡುಕ್ತೀನಿ."

ಈಗ ಅದನ್ನೇ ಹುಡುಕಲು ಹೋಗುತ್ತಿದ್ದಾನೆ. ಯಾವ ಮಡುವಿನಲ್ಲೂ ಇಲ್ಲದ ಹಗ್ಗವನ್ನು.

ನಿನ್ನ ಕಾಗದ ಬಂದ ದಿನವೇ ನಾನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ನಿನ್ನ ಹೆಸರು ಬರುತ್ತಿತ್ತು. ನಮ್ಮವರು ಮುಟ್ಟುವುದಿಲ್ಲ ಎಂದು ಸಭೆಯಲ್ಲಿ ಎದೆ ತಟ್ಟಿ ಹೇಳಿದವಳು ನಾನು. ಗಂಟು ಹೇಗಿತ್ತು ಎಂದು ಕೇಳಿ ದಿನ ತಳ್ಳಿದೆ. ಸಡಿಲವಿತ್ತು ಎಂದು ನೀನು ಬರೆದರೆ ಸಾಕೆಂದು ಆಸೆಪಟ್ಟೆ. ನಾಚಿಕೆಯಾಗುತ್ತಿದೆ. ಇವತ್ತು ನಿನ್ನ ಕಾಗದ ಓದಿ ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವನು ಕೊರಕಲಿಗೆ ಹೋಗುವ ಸುದ್ದಿ ಪಲ್ಲವಿಯಿಂದ ತಿಳಿಯಿತು.

ನಿನ್ನ ತಪ್ಪಿಲ್ಲ ಮಾವ. ನಾನು ಬರೆದದ್ದನ್ನು ನಂಬಿ ನೀನು ಬಿಚ್ಚಿದೆ. ಬೇಗ ಹೋಗು.

ಮಮತಾ

*

ಹಟ್ಟಿ
3 ನವೆಂಬರ್ 2025

ಮಮತಾ,

ಹುಡುಗ ಬದುಕಿದಾನೆ. ಮೊದಲು ಅದನ್ನ ಓದ್ಕೋ. ಇಲ್ಲೇ ಹಟ್ಟೀಲಿ ಮಲಗಿದಾನೆ, ಮೈ ಕಾದೈತೆ. ನಿಮ್ಮತ್ತೆ ಮೆಣಸಿನ ಸಾರು ಕುಡಿಸಿದಾಳೆ.

ಮೊನ್ನೆ ನಾನು ಮಂದೆ ಜೊತೆ ಗುಡ್ಡದ ಕಡೆ ಇದ್ದೆ, ಮಾರುತೇಶನಿಗೆ ಸಿಗಲಿಲ್ಲ. ನೆನ್ನೆ ಬೆಳಗ್ಗೆ ಹಟ್ಟೀಲಿದ್ದಾಗ ಅವನು ಬಸ್ಸನ್ನ ಜನದ ಸಮೇತ ರಸ್ತೇಲಿ ನಿಲ್ಸಿ, ಹೊಲ ಹಾದು ಓಡಿ ಬಂದ. ಅವತ್ತಿನ ಬೈಗುಳ ಅವನಿಗೆ ನಾಟಿತ್ತು ಅಂತ ಕಾಣ್ತದೆ. ಮೊದಲ ಪುಟ ಓದಿ ಎದ್ದೆ. ಹಗ್ಗ ತಗಂಡೆ, ಕಂಬಳಿ ತಗಂಡೆ, ಕುರಿ ನಿಮ್ಮತ್ತೆಗೆ ಬಿಟ್ಟೆ. ಉಳಿದ ಪುಟ ಗುಡ್ಡ ಹತ್ತುತಾ ಓದಿದೆ. ಓದಿದ ಮೇಲೆ ಒಂದು ಕಡೆ ಕುಂತುಬಿಟ್ಟೆ. ಅಕ್ಕನ ಮಗಳನ್ನ ನೀರಿನಾಗೆ ಬಿಟ್ಟು ನಾನು ಹಗ್ಗ ಸುತ್ಕಂಡು ಮನೆಗೆ ಬಂದಿದ್ದೆ. ಬಂದು ಉಂಡಿದ್ದೆ. ನೀನು ಊದಿದ ಸಿಳ್ಳೆ ನನ್ನ ಹಿಂದೇನೇ ಬಂದಿತ್ತೇನೋ. ಈ ಕಿವಿ ಕಿತ್ತು ಹಾಕಬೇಕು ಅನ್ನಿಸ್ತು.

ನೆತ್ತಿ ಮೇಲೆ ಮರದ ಕೆಳಗೆ ಅವನ ಬೈಕು ನಿಂತಿತ್ತು. ಗುಂಡುಕಲ್ಲಿನಾಗೆ ಹಗ್ಗ ಇಲ್ಲ, ಎಳ್ಕಂಡು ಇಳಿದುಬಿಟ್ಟಿದ್ದ. ಮೇಲುಗಡೆ ಗುಡ್ಡ ಕಪ್ಪಗಾಗಿತ್ತು. ಕಟ್ಟಾಕೆ ಕುಂತೆ. ನಮ್ಮ ಗಂಟು ಮರಿ ಕಟ್ಟೋ ಗಂಟು, ಎಳೆದ್ರೆ ಬಿಚ್ಕಣಾಂಗೆ ಇರ್ತದೆ. ಆಳು ಭಾರಕ್ಕೆ ಅದಾಗಲ್ಲ. ಅವತ್ತು ಅವನ ಗಂಟನ್ನ ಎಳೆ ಎಳೆಯಾಗಿ ಬಿಚ್ಚಿದ್ದೆನಲ್ಲ, ಅದನ್ನೇ ಹಿಂದುಮುಂದಾಗಿ ನೆನೆಸ್ಕಂಡು ಕಟ್ಟಿದೆ. ಎರಡು ಸಲ ತಪ್ಪಿ ಮತ್ತೆ ಕಟ್ಟಿದೆ. ತುದಿ ಕೆಳಗೆ ಬಿಟ್ಟೆ.

ಅವನು ಕೂಗಿದ್ರೆ ನಂಗೆ ಕೇಳಲ್ಲ. ಅದಕ್ಕೆ ಹಗ್ಗದ ಮೇಲೆ ಕೈ ಇಟ್ಕಂಡು ಕುಂತೆ. ನೀರು ಕೆಂಪಗಾಯ್ತು. ಆಮೇಲೆ ಕಟ್ಟಿಗೆ ತುಂಡು ಬಂದ್ವು. ಹಗ್ಗ ಕೈಯಾಗೆ ಸುಮ್ನೆ ಬಿದ್ದಿತ್ತು. ಮಮತಾ, ಅಂಥಾ ಹೊತ್ತು ನಾನು ನನ್ನ ಜೀವಮಾನದಾಗೆ ಕುಂತಿಲ್ಲ. ದೇವರಿಗೆ ಹರಕೆ ಹೊರಾಣ ಅಂದ್ರೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬಿಚ್ಚಿದೋನು ನಾನು, ಯಾವ ಮುಖ ಇಟ್ಕಂಡು ಕೇಳಲಿ.

ಆಮೇಲೆ ಹಗ್ಗ ಜಗ್ಗಿತು. ಮರಿ ಮೊಲೆ ಜಗ್ಗಿದಂಗೆ, ಮೆತ್ತಗೆ. ಐತೋ ಇಲ್ಲವೋ ಅಂತ ನೋಡಿದ ಜಗ್ಗು ಅದು. ನಾನೂ ಮೇಲಿಂದ ಒಂದು ಸಲ ಜಗ್ಗಿದೆ. ಆಗ ಪೂರ್ತಿ ಭಾರ ಬಿತ್ತು. ಬಂಡೆ ಅಂಚಿಗೆ ಹಗ್ಗ ಉಜ್ಜಬಾರದು ಅಂತ ಕಂಬಳಿ ಮಡಚಿ ಕೆಳಗೆ ಕೊಟ್ಟೆ. ಗಂಟಿನ ಮೇಲೆ ಕಣ್ಣಿಟ್ಟೆ, ರೆಪ್ಪೆ ಬಡೀಲಿಲ್ಲ.

ಅವನ ತಲೆ ಮೇಲೆ ಬಂತು. ನನ್ನ ಮುಖ ನೋಡಲಿಲ್ಲ, ಹಗ್ಗ ನೋಡಿದ. ಬಿದ್ಕಂಡೇ ಅದನ್ನ ಹಿಡಿದು, "ಇದು ನಿಮಗೆ ಎಲ್ಲಿ ಸಿಕ್ತು?" ಅಂದ. ಅವನ ತುಟಿ ನೋಡಿ ತಿಳ್ಕಂಡೆ.

"ಎಲ್ಲೂ ಸಿಗಲಿಲ್ಲ ಕಣಪ್ಪ, ನಾನೇ ಬಿಚ್ಕಂಡು ಹೋಗಿದ್ದೆ" ಅಂದೆ.

ಬೈತಾನೆ ಅಂದ್ಕಂಡೆ. ಬೈದಿದ್ರೆ ನಂಗೂ ಹಗುರ ಆಗ್ತಿತ್ತು. ಬೈಲಿಲ್ಲ. ಮಳೇಲಿ ನೆನೀತಾ ಹಗ್ಗ ಸವರ್ತಾ ಕುಂತ. ಆಮೇಲೆ ಅತ್ತ. ನಾನು ಕಂಬಳಿ ಹೊದಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ನನ್ನ ಗಂಟು ಹಿಡಿದು ನೋಡಿದ, ಎಳೆದು ನೋಡಿದ. "ಬಾಲ ಗಿಡ್ಡ ಆಗೈತೆ" ಅಂದ. ಅವನ ಮಾತಿಗೆ ನಂಗೆ ನಗು ಬಂತು.

ಈಗ ನಿಂಗೆ ಒಂದು ಮಾತು. ನನ್ನ ತಪ್ಪಿಲ್ಲ ಅಂತ ಬರೆದಿದೀಯ. ಅದನ್ನ ನಾನು ಒಪ್ಪಲ್ಲ, ನಿನ್ನ ತಪ್ಪನ್ನೂ ಬಿಡಲ್ಲ. ನಂಗೆ ಹೆದರಿಕೆ ಆಗಬಾರದು ಅಂತ ನೀನು ಮುಚ್ಚಿಟ್ಟೆ. ನಂಗೆ ಹೆಸರು ಕೆಡಬಾರದು ಅಂತ ಮತ್ತೆ ಮುಚ್ಚಿಟ್ಟೆ. ಎರಡು ಸಲವೂ ನೀರಿಗೆ ಬಿದ್ದೋನು ಇವನು. ನನ್ನ ಹೆಸರಿಗೆ ಏನಾಗ್ತದೆ? ಯಾವ ಸಭೇಲಿ ಅವನ ಮೇಲೆ ಮಾತು ಹಾಕಿದ್ಯೋ ಅದೇ ಸಭೇಲಿ ನಿಂತು ಹೇಳು. ಹಗ್ಗ ಬಿಚ್ಚಿದ್ದು ನಮ್ಮ ಮಾವ ಕಾಟಪ್ಪ, ಗಂಟು ಬಲವಾಗಿತ್ತು ಅಂತ. ಕದ್ದ ಅಂತ ಯಾರಾದ್ರೂ ಅಂದ್ರೆ ಅನ್ನಲಿ. ಬೇಕಾದ್ರೆ ನಾನೂ ಬರ್ತೀನಿ, ಕೇಳದ ಕಿವಿ ಇಟ್ಕಂಡೇ ಬರ್ತೀನಿ.

ಇಳಿಯೋವಾಗ ಹುಡುಗ ಹಗ್ಗ ಬಿಚ್ಚಾಕೆ ಹೋದ. ನಾನು ಅವನ ಕೈ ಹಿಡ್ಕಂಡು ತಡೆದೆ. ಅದು ಗುಂಡುಕಲ್ಲಿನಾಗೇ ಐತೆ. ನೀನು ಕಾಲು ವಾಸಿ ಮಾಡ್ಕಂಡು, ಅವನನ್ನ ಮುಂದಿಟ್ಕಂಡು ಬಂದು ಬಿಚ್ಚು. ಅಲ್ಲಿಗಂಟ ಮಂದೇನ ಆ ಗುಡ್ಡಕ್ಕೆ ಹೊಡೆಯಲ್ಲ, ಬೇರೆ ಕುರಿಯೋರಿಗೂ ಹೇಳಿಬಂದಿದೀನಿ. ಇವತ್ತು ಬೆಳಗ್ಗೆ ಹೋಗಿ ನೋಡಿದೆ, ಕಟ್ಟಿದಂಗೇ ಐತೆ. ನಾಳೆನೂ ಹೋಗ್ತೀನಿ.

ನಿನ್ನ ಮಾವ
ಕಾಟಪ್ಪ